ಎಲೆಕ್ಟ್ರಿಕ್ ಕಾರು ಒಂದು ಕಡೆಗೆ ಎಳೆಯುತ್ತಿದೆಯಾ? ಅಲೈನ್‌ಮೆಂಟ್‌ಗೆ ಓಡುವ ಮುಂಚೆ ಇಷ್ಟು ನೋಡಿ

ಕಾರು ಒಂದು ಕಡೆ ಎಳೀತಿದೆ ಅಂದ ತಕ್ಷಣ ಎಲ್ಲರೂ ಹೇಳುವುದು ಒಂದೇ ಮಾತು, "ಅಲೈನ್‌ಮೆಂಟ್ ಮಾಡ್ಸಿ". ಅಂದರೆ ಚಕ್ರಗಳು ನಿಂತಿರುವ ಕೋನ ಅಳೆದು ಸರಿಮಾಡಿಸುವುದು. ಮಾಡಿಸೋಣ, ಆದರೆ ಅದು ಕೊನೆಯ ಕೆಲಸ. ಎಲೆಕ್ಟ್ರಿಕ್ ಕಾರಿನಲ್ಲಿ ರೀಜೆನ್ ಇದೆಯಲ್ಲ, ಬ್ರೇಕ್ ಪೆಡಲ್ ಮುಟ್ಟದೆ ಮೋಟರ್‌ನಿಂದಲೇ ವೇಗ ಇಳಿಸುವುದು, ಅದನ್ನು ಸರಿಯಾಗಿ ಬಳಸಿಕೊಂಡರೆ ತೊಂದರೆ ಟೈರಿನದ್ದಾ, ಬ್ರೇಕಿನದ್ದಾ, ಬುಷ್ಷಿನದ್ದಾ (ಸಸ್ಪೆನ್ಷನ್ ಕೀಲುಗಳಲ್ಲಿರುವ ರಬ್ಬರ್) ಅಂತ ನೀವೇ ಸುಮಾರಾಗಿ ಕಂಡುಹಿಡಿಯಬಹುದು.

ಮೊದಲು ಗಾಳಿ. ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗ ನೋಡಿ. ಎಷ್ಟಿರಬೇಕು ಅನ್ನುವುದು ಕಾರಿನ ಸ್ಟಿಕ್ಕರ್‌ನಲ್ಲೇ ಇರುತ್ತದೆ, ಸಾಮಾನ್ಯವಾಗಿ ಡ್ರೈವರ್ ಬಾಗಿಲು ತೆಗೆದರೆ ಕಾಣುತ್ತದೆ. ಬ್ಯಾಟರಿ ಭಾರದಿಂದಾಗಿ ಈ ಗಾಡಿಗಳಿಗೆ ಜಾಸ್ತಿ ಗಾಳಿ ಬೇಕಾಗುವುದು ಉಂಟು, ಹಾಗಾಗಿ ಬಂಕಿನವರು ಎಲ್ಲದಕ್ಕೂ ಒಂದೇ ಅಳತೆ ಹಾಕಲು ಬಂದರೆ ಬೇಡ ಅನ್ನಿ. ಮುಂದಿನ ಎರಡರಲ್ಲಿ ಒಂದಕ್ಕೆ ಗಾಳಿ ಕಮ್ಮಿಯಿದ್ದರೆ ಕಾರು ಆ ಕಡೆಗೇ ಎಳೆಯುತ್ತದೆ.

ಆಮೇಲೆ ರಸ್ತೆ. ಮಳೆನೀರು ಹರಿಯಲಿ ಅಂತ ರಸ್ತೆಯನ್ನು ಅಂಚಿನ ಕಡೆ ಇಳಿಜಾರು ಮಾಡಿರುತ್ತಾರೆ. ನಾವು ಎಡಗಡೆ ಓಡಿಸುವವರು, ಅದಕ್ಕೇ ಸರಿಯಿರುವ ಕಾರೂ ಸ್ವಲ್ಪ ಎಡಕ್ಕೆ ಹೋಗುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಜೋರಾಗಿ ಎಡಕ್ಕೆ ಎಳೆದರೆ, ಇಲ್ಲವೇ ಅಂಥ ರಸ್ತೆಯಲ್ಲೂ ಬಲಕ್ಕೆ ಎಳೆದರೆ ಅನುಮಾನ ಪಡಿ. ಇನ್ನೊಂದು, ಸ್ಟೇರಿಂಗ್ ಸೊಟ್ಟ ಇದ್ದು ಕಾರು ನೇರ ಹೋಗುತ್ತಿದ್ದರೆ ಅದು ಎಳೆತ ಅಲ್ಲವೇ ಅಲ್ಲ. ಅದು ಟೋ ಸೆಟ್ಟಿಂಗ್ (ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ವಿಷಯ, ಅಲೈನ್‌ಮೆಂಟ್‌ನಲ್ಲಿ ಸರಿಯಾಗುತ್ತದೆ.

ಈಗ ಟೆಸ್ಟ್. ಸಮತಟ್ಟಾದ ಖಾಲಿ ರಸ್ತೆ ಬೇಕು, ಮನೆಗಳು ಇನ್ನೂ ಏಳದ ಹೊಸ ಲೇಔಟ್ ಆದರೆ ಒಳ್ಳೆಯದು. ಲೇನ್ ಕೀಪ್ ಅಸಿಸ್ಟ್ ಇದ್ದರೆ ಆಫ್ ಮಾಡಿ, ಇಲ್ಲದಿದ್ದರೆ ಅದೇ ಸ್ಟೇರಿಂಗ್ ತಿರುಗಿಸಿ ನಿಮ್ಮ ದಾರಿ ತಪ್ಪಿಸುತ್ತದೆ. 40-50ರ ವೇಗ ಸಾಕು. ಸ್ಟೇರಿಂಗನ್ನು ಹಗುರವಾಗಿ ಹಿಡಿದಿರಿ, ಕೈ ಬಿಡಬೇಡಿ.

ರೀಜೆನ್ ಸೊನ್ನೆಗೆ ಇಟ್ಟು ಕಾಲು ತೆಗೆದು ಸುಮ್ನೆ ಉರುಳಲು ಬಿಡಿ. ಆಗಲೂ ಎಳೆದರೆ ಟೈರ್, ಅಲೈನ್‌ಮೆಂಟ್ ಅಥವಾ ಕಚ್ಚಿಕೊಂಡ ಬ್ರೇಕ್. ಉರುಳುವಾಗ ನೇರ ಹೋಗಿ, ಆಕ್ಸಿಲರೇಟರ್ ಕೊಟ್ಟಾಗ ಒಂದು ಕಡೆಗೂ ಜೋರು ರೀಜೆನ್‌ನಲ್ಲಿ ಅದರ ವಿರುದ್ಧ ಕಡೆಗೂ ಎಳೆದರೆ, ಲೋವರ್ ಆರ್ಮ್ (ಚಕ್ರವನ್ನು ಕೆಳಗಡೆ ಗಾಡಿಗೆ ಜೋಡಿಸುವ ತೋಳು) ಬುಷ್ ಹೋಗಿರುವ ಸಾಧ್ಯತೆ ಜಾಸ್ತಿ. ಮೋಟರ್ ಚಕ್ರವನ್ನು ಮುಂದಕ್ಕೆ ತಳ್ಳಿದಾಗ ಒಂದು ರೀತಿ, ಹಿಡಿದಾಗ ಇನ್ನೊಂದು ರೀತಿ ಆ ಆರ್ಮ್ ಜರುಗುತ್ತದೆ. ಗುಂಡಿಗಳ ಮೇಲೆ ಇಷ್ಟು ಭಾರ ಹೊತ್ತು ಓಡಿದರೆ ಬುಷ್ ಬೇಗ ಸವೆಯುವುದರಲ್ಲಿ ಆಶ್ಚರ್ಯವೇನಿಲ್ಲ. (ನಾನು ಹೇಳುತ್ತಿರುವುದು ನೆಕ್ಸಾನ್, ಟಿಯಾಗೊ, ಜಡ್‌ಎಸ್ ಇವಿಗಳ ಹಾಗೆ ಮುಂದೆ ಮೋಟರ್ ಇರುವ ಕಾರಿಗೆ. ಹಿಂದೆ ಮೋಟರ್ ಇದ್ದರೆ ಹಿಂದಿನ ಬುಷ್‌ಗಳನ್ನೂ ನೋಡಿಸಿ.) ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಸ್ಟೇರಿಂಗ್ ಒಂಚೂರು ಎಳೆದರೆ ಅದು ಮೋಟರಿನ ಜೋರು, ಬಿಟ್ಟುಬಿಡಿ.

ಬ್ರೇಕ್ ಪೆಡಲ್ ಒತ್ತಿದಾಗ ಮಾತ್ರ ಎಳೆದರೆ ಕ್ಯಾಲಿಪರ್, ಅಂದರೆ ಡಿಸ್ಕನ್ನು ಒತ್ತಿ ಹಿಡಿಯುವ ಭಾಗ, ನೋಡಬೇಕು. ಆದರೆ ಹಲವು ಕಾರುಗಳಲ್ಲಿ ಪೆಡಲ್ ಮೆಲ್ಲಗೆ ಒತ್ತಿದರೂ ಕೆಲಸ ಮಾಡುವುದು ರೀಜೆನ್ನೇ. ಅದಕ್ಕೆ ಬ್ಯಾಟರಿ 100% ಚಾರ್ಜ್ ಆದ ಕೂಡಲೇ ಈ ಟೆಸ್ಟ್ ಮಾಡಿ. ತುಂಬಿದ ಬ್ಯಾಟರಿಗೆ ಕರೆಂಟ್ ಹೋಗಲು ಜಾಗ ಇರುವುದಿಲ್ಲ, ಸಾಮಾನ್ಯವಾಗಿ ರೀಜೆನ್ ಕಮ್ಮಿಯಾಗಿ ನಿಜವಾದ ಬ್ರೇಕೇ ಹಿಡಿಯುತ್ತದೆ.

ಇವಿಗಳಲ್ಲಿ ನಾನು ಜಾಸ್ತಿ ಅನುಮಾನ ಪಡುವುದು ಈ ಬ್ರೇಕನ್ನೇ. ಬಳಕೆ ಕಮ್ಮಿ, ಹಾಗಾಗಿ ಡಿಸ್ಕ್ ತುಕ್ಕು ಹಿಡಿಯುತ್ತದೆ, ಕ್ಯಾಲಿಪರ್ ಜಾರುವ ಪಿನ್‌ನ ಗ್ರೀಸ್ ಒಣಗಿ ಕಚ್ಚಿಕೊಳ್ಳುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ, ಮಳೆಗಾಲಕ್ಕೆ ಇನ್ನೂ ಬೇಗ. ಪತ್ತೆ ಹಚ್ಚುವುದು ಸುಲಭ: ಆದಷ್ಟು ರೀಜೆನ್‌ನಲ್ಲೇ ಒಂದು ಹದಿನೈದು ನಿಮಿಷ ಓಡಿಸಿ ನಿಲ್ಲಿಸಿ. ಹಾಗೆ ಓಡಿಸಿದರೆ ಡಿಸ್ಕ್‌ಗಳು ಅಷ್ಟೇನೂ ಬಿಸಿ ಆಗಬಾರದು. ಒಂದು ಚಕ್ರದ ಹತ್ತಿರ ಕೈ ಹಿಡಿದರೆ ಝಳ ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಇದ್ದರೆ, ಸಿಕ್ಕಿತು ಕಳ್ಳ. ಡಿಸ್ಕ್ ಮುಟ್ಟಬೇಡಿ, ಸುಡುತ್ತದೆ. ರೇಂಜ್ ಕಾರಣವಿಲ್ಲದೆ ಇಳಿದಿದ್ದರೂ ಇದೇ ಇರಬಹುದು. ಪಿನ್ ಬಿಚ್ಚಿ, ತೊಳೆದು, ಬ್ರೇಕ್‌ಗೆಂದೇ ಬರುವ ಗ್ರೀಸ್ ಹಚ್ಚಿದರೆ ಎಷ್ಟೋ ಸಲ ಸರಿಹೋಗುತ್ತದೆ. ಹೊಸ ಕ್ಯಾಲಿಪರ್ ಹಾಕಬೇಕು ಅಂದರೆ ಮೊದಲು ಪಿನ್ ತೋರಿಸಿ ಅನ್ನಿ.

ಬ್ರೇಕ್ ಸರಿಯಿದ್ದರೆ ಮುಂದಿನ ಎರಡು ಟೈರ್ ಅದಲು ಬದಲು ಮಾಡಿಸಿ. ಎಳೆತವೂ ದಿಕ್ಕು ಬದಲಿಸಿದರೆ ತಪ್ಪು ಟೈರಿನದ್ದೇ. ಪಕ್ಕದಲ್ಲಿ ಬಾಣದ ಗುರುತಿರುವ ಟೈರಾದರೆ ಹೀಗೆ ಬದಲಿಸಬೇಡಿ, ಅದೇ ಪಕ್ಕದಲ್ಲಿ ಹಿಂದಿನದನ್ನು ಮುಂದಕ್ಕೆ ಹಾಕಿ ನೋಡಿ. ಪಂಕ್ಚರ್ ಅಂಗಡಿಯಲ್ಲಿ ಜ್ಯಾಕ್ ಇಡುವಾಗ ಪಕ್ಕದಲ್ಲೇ ನಿಂತಿರಿ. ಕೆಳಗೆ ಪೂರಾ ಬ್ಯಾಟರಿ ಇದೆ, ಕಂಪನಿ ಗುರುತು ಮಾಡಿದ ಅಂಚಿನ ಜಾಗ ಬಿಟ್ಟು ಬೇರೆಲ್ಲೂ ಜ್ಯಾಕ್ ಬೀಳಬಾರದು. ಕಿತ್ತಳೆ ಬಣ್ಣದ ಹೈ ವೋಲ್ಟೇಜ್ ಕೇಬಲ್ ಹತ್ತಿರವೂ ಯಾರನ್ನೂ ಬಿಡಬೇಡಿ.

ಇಷ್ಟಾದ ಮೇಲೆ ಅಲೈನ್‌ಮೆಂಟ್. ಬುಷ್ ಸಡಿಲ ಇಟ್ಟುಕೊಂಡು ಮಾಡಿಸಿದರೆ ದುಡ್ಡು ದಂಡ. ಮುಂಚಿನ ಮತ್ತು ಆಮೇಲಿನ ಅಳತೆ ಎರಡರ ಪ್ರಿಂಟೂ ಕೇಳಿ ತೊಗೊಳ್ಳಿ, ಟೋ ಮಾತ್ರ ನೋಡಿ ಸುಮ್ಮನಾಗಬೇಡಿ. ಎಳೆತಕ್ಕೆ ಕಾರಣ ಸಾಮಾನ್ಯವಾಗಿ ಎಡ-ಬಲದ ಕ್ಯಾಂಬರ್ (ಚಕ್ರ ಒಳಕ್ಕೆ-ಹೊರಕ್ಕೆ ವಾಲಿರುವ ಕೋನ), ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದೆ-ಮುಂದೆ ವಾಲಿರುವ ಕೋನ) ವ್ಯತ್ಯಾಸ. ಎಷ್ಟೋ ಕಾರುಗಳಲ್ಲಿ ಅವೆರಡನ್ನು ತಿರುಗಿಸಿ ಸರಿಮಾಡಲು ಬರುವುದಿಲ್ಲ, ಅಳತೆ ತಪ್ಪಿದೆ ಅಂದರೆ ಯಾವುದೋ ಪಾರ್ಟ್ ಬಾಗಿದೆ ಅಂತಲೇ ಲೆಕ್ಕ. ದೊಡ್ಡ ಗುಂಡಿಗೆ ಬಿದ್ದ ಮೇಲೆ ಎಳೆತ ಶುರುವಾಗಿದ್ದರೆ ಅದನ್ನು ಮೊದಲೇ ಹೇಳಿ, ಆರ್ಮ್, ಸ್ಟ್ರಟ್ (ಸ್ಪ್ರಿಂಗ್ ಜೊತೆಗಿನ ಶಾಕ್ ಅಬ್ಸಾರ್ಬರ್) ಬಿಚ್ಚಿ ನೋಡುತ್ತಾರೆ. ಕೆಲಸ ಮುಗಿದ ಮೇಲೆ ಸ್ಟೇರಿಂಗ್ ಆ್ಯಂಗಲ್ ಸೆನ್ಸರ್ (ಸ್ಟೇರಿಂಗ್ ಎಷ್ಟು ತಿರುಗಿದೆ ಅಂತ ಕಾರಿಗೆ ಹೇಳುವುದು) ರೀಸೆಟ್ ಮಾಡಿದ್ದೀರಾ ಅಂತ ಕೇಳುವುದನ್ನು ಮರೆಯಬೇಡಿ.