ಎದುರು ಮನೆಯ ಕಿಟಕಿಯಿಂದ ಬೋರ್ಡು ನೋಡಿದ್ದು

ನಾನು ಚಿಕ್ಕಮಗಳೂರಿನಲ್ಲಿ ಬೋರ್ಡು ಮಾಡುವವನು. ಅಪ್ಪನ ಕಾಲದಲ್ಲಿ ಬ್ರಷ್ಷು, ಎನಾಮೆಲ್ ಡಬ್ಬಿ ಇದ್ದವು. ಆಮೇಲೆ ಫ್ಲೆಕ್ಸ್ ಬಂತು. ಈಗ ಎಸಿಪಿ ಶೀಟು (ಎರಡು ತೆಳು ಅಲ್ಯೂಮಿನಿಯಂ ತಗಡಿನ ನಡುವೆ ಪ್ಲಾಸ್ಟಿಕ್ ಇರುವ ಹಲಗೆ), ಅಕ್ರಿಲಿಕ್ ಅಕ್ಷರ, ಅದರೊಳಗೆ ಎಲ್‌ಇಡಿ. ಅಪ್ಪ ಒಂದು ಬೋರ್ಡು ಬರೆಯಬೇಕಾದರೆ ಮೂರು ದಿನ ಆ ಅಂಗಡಿ ಮುಂದೆಯೇ ಇರುತ್ತಿದ್ದರು. ಏಣಿ ಮೇಲೆ ನಿಂತು ಬರೆಯುವಾಗ ಕೆಳಗೆ ಬೀದಿಯವರೆಲ್ಲ ನಿಂತು ಮಾತಾಡುತ್ತಿದ್ದರು. ಬಣ್ಣ ಜಾಸ್ತಿಯಾಯ್ತು, ಅಕ್ಷರ ವಾಲಿದೆ, ಏನಿದ್ದರೂ ಅಲ್ಲೇ ಹೇಳುತ್ತಿದ್ದರು. ಈಗ ಡಿಸೈನು ವಾಟ್ಸಾಪಿನಲ್ಲಿ ಬರುತ್ತದೆ. ನಾವು ಒಂದು ಮಧ್ಯಾಹ್ನ ಹೋಗಿ ಸ್ಕ್ರೂ ಹೊಡೆದು ಬರುತ್ತೇವೆ. ಬೀದಿಯವರಿಗೆ ಗೊತ್ತಾಗುವುದು ಸಂಜೆ ಲೈಟ್ ಹತ್ತಿದ ಮೇಲೆ.

ಎಂ.ಜಿ. ರಸ್ತೆಯಲ್ಲೋ ಐ.ಜಿ. ರಸ್ತೆಯಲ್ಲೋ ಆದರೆ ಇದರಿಂದ ತೊಂದರೆ ಇಲ್ಲ. ಅಲ್ಲಿ ಅಕ್ಕಪಕ್ಕ, ಎದುರುಬದುರು ಹೆಚ್ಚಿನದೆಲ್ಲ ಅಂಗಡಿಯೇ. ಆದರೆ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಅಂತ ಬರುವ ಪ್ರವಾಸಿಗರು ಜಾಸ್ತಿಯಾದ ಮೇಲೆ ಕೆಫೆ, ಹೋಮ್‌ಸ್ಟೇ ಆಫೀಸು, ಬಾಡಿಗೆ ಬೈಕಿನ ಅಂಗಡಿಗಳು ಮನೆಗಳಿರುವ ಅಡ್ಡರಸ್ತೆಗಳಿಗೂ ಬಂದಿವೆ. ಜಗಳ ಹುಟ್ಟುವುದು ಅಲ್ಲೇ. ಅಂಥ ಒಂದು ಜಗಳದಲ್ಲಿ ನಾನೂ ಸಿಕ್ಕಿಕೊಂಡೆ. ಅದನ್ನು ಹೇಗೆ ಸರಿಮಾಡಿದೆವು ಅಂತ ಬರೆಯುತ್ತಿದ್ದೇನೆ. ನನ್ನ ಕೆಲಸದವರಿಗೆ ಮತ್ತು ಹೊಸದಾಗಿ ಅಂಗಡಿ ಇಡುವವರಿಗೆ ಉಪಯೋಗಕ್ಕೆ ಬಂದೀತು.

2023ರ ಡಿಸೆಂಬರ್. ಬಸವನಹಳ್ಳಿ ಕಡೆಯ ಒಂದು ಅಡ್ಡರಸ್ತೆ. 20 ಅಡಿ ಅಗಲವೂ ಇಲ್ಲದ ಬೀದಿ. ಸಾಲಾಗಿ ಹೆಂಚಿನ ಮನೆಗಳು, ನಡುವೆ ಒಂದೆರಡು ತಾರಸಿ ಮನೆ. ಒಂದು ಹಳೇ ದಿನಸಿ ಅಂಗಡಿಯನ್ನು ಬಾಡಿಗೆಗೆ ಹಿಡಿದು ಒಬ್ಬ ಹುಡುಗ ಕೆಫೆ ಮಾಡಿದ. ಮುಂದಿನ ಗೋಡೆಗೆ ಪೂರ್ತಿ ಕಪ್ಪು ಬಣ್ಣ. ಮೇಲೆ 14 ಅಡಿ ಉದ್ದ, 4 ಅಡಿ ಎತ್ತರದ ಕಪ್ಪು ಬೋರ್ಡು. ಅದರಲ್ಲಿ ಎರಡಡಿ ಎತ್ತರದ ಬಿಳಿ ಇಂಗ್ಲಿಷ್ ಅಕ್ಷರ, ಮೂಲೆಯಲ್ಲಿ ಚಿಕ್ಕದಾಗಿ ಕನ್ನಡ. ಆ ಬೋರ್ಡು ಮಾಡಿದ್ದು ನಾನೇ. ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಹಗಲು ಹೊತ್ತಿನಲ್ಲಿ ಹೋಗಿ ಹಾಕಿ ಬಂದೆ.

ಮೂರು ವಾರ ಕಳೆದಿರಬೇಕು. ಎದುರು ಮನೆಯ ಮೇಷ್ಟ್ರು ನನ್ನ ಅಂಗಡಿಗೆ ಬಂದರು. ರಿಟೈರ್ ಆದವರು. ಕೈಯಲ್ಲಿ ಒಂದು ಅರ್ಜಿ, ನಗರಸಭೆಗೆ ಕೊಡಲು ಬರೆದದ್ದು. ಕೆಳಗೆ 11 ಮನೆಯವರ ಸಹಿ. ಕೂಗಾಡುತ್ತಾರೆ ಅಂದುಕೊಂಡೆ. ಕೂಗಾಡಲಿಲ್ಲ. "ನೀವೇ ಅಲ್ವಾ ಆ ಬೋರ್ಡು ಮಾಡಿದ್ದು? ಇದನ್ನ ಕೊಡೋ ಮೊದಲು ಒಂದ್ಸಲ ರಾತ್ರಿ ನಮ್ಮನೆಗೆ ಬನ್ನಿ, ಸಾಕು" ಅಂದರು.

ಅವತ್ತೇ ರಾತ್ರಿ 9 ಗಂಟೆಗೆ ಹೋದೆ. ಮೇಷ್ಟ್ರ ಹೆಂಡತಿಗೆ ಸೊಂಟದ ಆಪರೇಷನ್ ಆಗಿತ್ತು. ಮಹಡಿ ಹತ್ತಲು ಆಗದೆ ಬೀದಿ ಕಡೆಯ ಕೋಣೆಯಲ್ಲೇ ಮಲಗುತ್ತಿದ್ದರು. ಕಿಟಕಿಗೆ ಪರದೆ ಇತ್ತು. ಅದರ ಮೇಲೆ ಒಂದು ಬೆಡ್‌ಶೀಟನ್ನೂ ಪಿನ್ನು ಹಾಕಿ ಕಟ್ಟಿದ್ದರು. ಮೇಷ್ಟ್ರು ಎರಡನ್ನೂ ಸರಿಸಿದರು. ಕೋಣೆಯ ದೀಪ ಆರಿಸಿದರು. ಕಿಟಕಿಯ ಸರಳುಗಳ ನೆರಳು ಅಮ್ಮನವರ ಹೊದಿಕೆ ಮೇಲೆ ಬಿತ್ತು. ಏಳು ಗೆರೆ. ಒಂದೊಂದನ್ನೂ ಎಣಿಸುವಷ್ಟು ಸ್ಪಷ್ಟ. ನಾನು ಕೈ ಚಾಚಿ ನೋಡಿದೆ. ನನ್ನ ಐದು ಬೆರಳಿನ ನೆರಳೂ ಅಲ್ಲೇ ಬಿತ್ತು. "ಹನ್ನೊಂದು ಗಂಟೆವರೆಗೂ ಹೀಗೇ ಇರುತ್ತಪ್ಪ. ಪರದೆ ಎಳೆದ್ರೆ ಉಸಿರು ಕಟ್ಟಿದ ಹಾಗಾಗುತ್ತೆ" ಅಂದರು ಅಮ್ಮನವರು.

ಇಷ್ಟು ವರ್ಷ ಬೋರ್ಡು ಮಾಡಿದ್ದೇನೆ. ಬೋರ್ಡಿನ ಬೆಳಕು ಯಾರ ಮನೆಯೊಳಗೆ ಹೋಗುತ್ತದೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಿಜ ನೋಡಿದರೆ, ಅಂಗಡಿಯವನು ತನ್ನ ಬೋರ್ಡನ್ನು ನೋಡುವುದೇ ಇಲ್ಲ. ಅವನು ಅದರ ಕೆಳಗೆ, ಒಳಗೆ ಇರುತ್ತಾನೆ. ದಿನವಿಡೀ ನೋಡುವವರು ಎದುರು ಮನೆಯವರು. ಹಾಗಿದ್ದೂ ಅವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿ ನಾವು ಬೋರ್ಡು ಮಾಡುತ್ತೇವೆ.

ಮಾರನೇ ದಿನ ಕೆಫೆ ಹುಡುಗನ ಹತ್ತಿರ ಮಾತಾಡಿದೆ. ಅವನಿಗೂ ಸಿಟ್ಟಿತ್ತು. "ಅಣ್ಣ, ಸಾಲ ಮಾಡಿ ಅಂಗಡಿ ಹಾಕಿದೀನಿ. ಲೈಟ್ ಆರಿಸಿದ್ರೆ ಈ ಗಲ್ಲೀಲಿ ಕೆಫೆ ಇದೆ ಅಂತ ಯಾರಿಗೆ ಗೊತ್ತಾಗುತ್ತೆ?" ಅಂದ. ಅವನು ಹೇಳಿದ್ದರಲ್ಲಿ ತಪ್ಪಿಲ್ಲ. ಬೋರ್ಡು ಕಾಣದಿದ್ದರೆ ಅಡ್ಡರಸ್ತೆಯ ಅಂಗಡಿಗೆ ಜನ ಬರುವುದಿಲ್ಲ. ನಾನು ವಾದ ಮಾಡಲಿಲ್ಲ. ರಾತ್ರಿ ಅವನನ್ನು ಕರೆದುಕೊಂಡು ಮೇಷ್ಟ್ರ ಮನೆಗೆ ಹೋದೆ. ಅಂಗಡಿ ತೆರೆದು ಮೂರು ವಾರವಾದರೂ ಕತ್ತಲಾದ ಮೇಲೆ ಅವನು ಆ ಕಡೆಗೆ ದಾಟಿಯೇ ಇರಲಿಲ್ಲ. ಅಮ್ಮನವರು "ಬಾ ಮಗ, ಕೂತ್ಕೋ" ಅಂದರು. ಅವನು ಕೂರಲಿಲ್ಲ. ಹೊದಿಕೆ ಮೇಲಿನ ಗೆರೆಗಳನ್ನು ನೋಡಿದ, ಹೋಗಿ ಸ್ವಿಚ್ ಆರಿಸಿ ವಾಪಸ್ ಬಂದ. ಅರ್ಜಿ ಮೇಷ್ಟ್ರ ಹತ್ತಿರವೇ ಉಳಿಯಿತು.

ಆದರೆ ಸಹಿ ಹಾಕಿದವರು 11 ಮನೆಯವರು. ಅವರೆಲ್ಲರ ತೊಂದರೆ ಬೆಳಕಲ್ಲ. ಎರಡು ಸಂಜೆ ಮನೆಮನೆಗೆ ಹೋಗಿ ಕೇಳಿ, ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. "ಬೀದಿ ಅಂದ ಹಾಳಾಯ್ತು" ಅಂತ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. ಬಿಡಿಸಿ ಕೇಳಿದರೆ ಒಬ್ಬೊಬ್ಬರದು ಒಂದೊಂದು. ಪಕ್ಕದ ಟೈಲರ್ ಬೋರ್ಡಿಗೆ ಕೆಫೆ ಬೋರ್ಡು ಅಡ್ಡ ಬಂದಿತ್ತು. ಕೆಫೆ ಮುಂದೆ ಹಾಕಿದ ಶೀಟಿನ ನೀರು ಮಳೆ ಬಂದರೆ ತಮ್ಮ ಮೆಟ್ಟಿಲಿಗೇ ಬೀಳುತ್ತದೆ ಅನ್ನುವ ಹೆದರಿಕೆಯೂ ಅವರಿಗಿತ್ತು. ಮೂರು ಮನೆಯವರಿಗೆ ಕಪ್ಪು ಬಣ್ಣ ಆಗದು. ಬೆಳಗ್ಗೆ ಬಾಗಿಲು ತೆಗೆದರೆ ಎದುರಿಗೆ ಕಪ್ಪು ಗೋಡೆ ಅನ್ನುವ ಬೇಸರ. ನಾಲ್ಕು ಮನೆಯವರಿಗೆ ಶನಿವಾರ, ಭಾನುವಾರ ಗೇಟಿನ ಮುಂದೆ ನಿಲ್ಲಿಸುವ ಬೈಕುಗಳದ್ದೇ ಕಷ್ಟ. ಒಬ್ಬರಿಗೆ ಕೆಫೆಯೇ ಬೇಡ. ಬಣ್ಣ ಬರೀ ನೆಪ.

ಹೀಗೆ ಬಿಡಿಸಿ ಬರೆದದ್ದು ತುಂಬಾ ಒಳ್ಳೆಯದಾಯಿತು. ಅಂದದ ಬಗ್ಗೆ ಜಗಳ ಮಾಡಿದರೆ ಮುಗಿಯುವುದಿಲ್ಲ, ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಅಂದ. ಬೆಳಕು, ನೀರು, ಅಡ್ಡ ಬರುವುದು, ಇವನ್ನು ಅಳೆಯಬಹುದು. ಅಳೆಯಲು ಆಗುವುದಕ್ಕೆ ಮೊದಲು ಕೈ ಹಾಕಿದೆವು.

ಬೋರ್ಡು ಹೇಗೂ ಬದಲಾಗಬೇಕಿತ್ತು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ 2022ರದು. ಅದಕ್ಕೆ 2024ರಲ್ಲಿ ತಿದ್ದುಪಡಿ ಬಂತು. ಅಂಗಡಿ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಕನ್ನಡ ಮೇಲ್ಭಾಗದಲ್ಲೇ ಇರಬೇಕು. ಮೂಲೆಯಲ್ಲಿ ಚಿಕ್ಕದಾಗಿ ಬರೆದರೆ ನಡೆಯುವುದಿಲ್ಲ. "ಹೇಗೂ ಹೊಸದು ಮಾಡ್ಬೇಕು. ಈ ಸಲ ಬೀದಿಯವರಿಗೆ ತೋರಿಸಿ ಮಾಡೋಣ" ಅಂದೆ. ಹುಡುಗ ಒಪ್ಪಿದ. ನನ್ನ ಕೂಲಿ ನಾನು ತೆಗೆದುಕೊಳ್ಳಲಿಲ್ಲ. ಮೊದಲ ಸಲ ನೋಡದೆ ಮಾಡಿದ್ದು ನಾನು.

ತೋರಿಸಿದ್ದು ಹೀಗೆ. ಹಳೇ ಪೇಪರುಗಳನ್ನು ಮೈದಾ ಅಂಟಿನಲ್ಲಿ ಒಂದಕ್ಕೊಂದು ಸೇರಿಸಿ ನಿಜವಾದ ಅಳತೆಯ ಬೋರ್ಡು ಮಾಡಿದೆ. ಒಂದಲ್ಲ, ಮೂರು ಅಳತೆ. ಅಕ್ಷರವನ್ನು ಬೇರೆ ಕಾಗದದಲ್ಲಿ ಕತ್ತರಿಸಿ ಅಂಟಿಸಿದೆ. ಸಂಜೆ ಏಳೂವರೆಗೆ, ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ, ಹಗ್ಗ ಕಟ್ಟಿ ಒಂದೊಂದನ್ನೇ ಮೇಲೆತ್ತಿದೆವು. ಬೀದಿಯವರಿಗೆ "ನಿಮ್ಮ ನಿಮ್ಮ ಬಾಗಿಲಲ್ಲೇ ನಿಂತು ನೋಡಿ" ಅಂತ ಹೇಳಿದ್ದೆ. ಕೆಳಗೆ ಬಂದು ಗುಂಪು ಕಟ್ಟಿದರೆ ಜೋರು ಬಾಯಿ ಇದ್ದವರ ಮಾತೇ ನಡೆಯುತ್ತದೆ. ತಮ್ಮ ಬಾಗಿಲಲ್ಲಿ ನಿಂತರೆ ತಮಗೆ ಕಾಣುವುದನ್ನು ಹೇಳುತ್ತಾರೆ.

ಅಕ್ಷರದ ಅಳತೆ ಬಗ್ಗೆ ಒಂದು ಮಾತು, ಇದು ನನ್ನ ಕೆಲಸದವರಿಗೆ. ಆರಾಮವಾಗಿ ಓದಲು 10 ಅಡಿ ದೂರಕ್ಕೆ ಒಂದು ಇಂಚು ಎತ್ತರದ ಅಕ್ಷರ ಸಾಕು. ಬೀದಿ ತುದಿಯಿಂದ ಆ ಕೆಫೆಗೆ ಹೆಚ್ಚೆಂದರೆ 100 ಅಡಿ. ಅಂದರೆ 10 ಇಂಚು. ನಾನು ಹಾಕಿದ್ದು 24 ಇಂಚು. ಕನ್ನಡಕ್ಕೆ ಮಾತ್ರ ಸ್ವಲ್ಪ ಜಾಗ ಜಾಸ್ತಿ ಬಿಡಬೇಕು. ‘ಸ್ಟೋರ್ಸ್’ ಅಂತ ಬರೆದು ನೋಡಿ. ಸಕಾರದ ಕೆಳಗೆ ಟ ಒತ್ತು ಇಳಿಯುತ್ತದೆ. ಇಂಗ್ಲಿಷ್ ಸಾಲಿಗೆ ಅಳತೆ ಮಾಡಿದ ಜಾಗದಲ್ಲಿ ಕನ್ನಡ ತುರುಕಿದರೆ ಒತ್ತು ಬೋರ್ಡಿನ ಅಂಚಿಗೆ ತಾಗಿ ಕತ್ತು ಹಿಸುಕಿದ ಹಾಗೆ ಕಾಣುತ್ತದೆ. ಊರಲ್ಲಿ ಎಷ್ಟೋ ಬೋರ್ಡುಗಳು ಹಾಗೇ ಇವೆ, ನೋಡಿದರೆ ನನಗೆ ಸಂಕಟವಾಗುತ್ತದೆ. ಕನ್ನಡದ ಸಾಲನ್ನು ಮೊದಲು ಬರೆದುಕೊಳ್ಳಿ. ಬೋರ್ಡಿನ ಅಳತೆ ಅದರಿಂದ ಬರಲಿ.

ಕೊನೆಗೆ ನಿಂತದ್ದು 9 ಅಡಿ ಉದ್ದ, ಎರಡೂಕಾಲು ಅಡಿ ಎತ್ತರದ ಬೋರ್ಡು. ಕನ್ನಡ ಮೇಲೆ, 10 ಇಂಚಿನ ಅಕ್ಷರ. ಇಂಗ್ಲಿಷ್ ಕೆಳಗೆ, ಚಿಕ್ಕದಾಗಿ. ಬೀದಿ ತುದಿಗೆ ಹುಡುಗನನ್ನೇ ನಿಲ್ಲಿಸಿ ಓದಿಸಿದೆ. ಓದಿದ. ಅವನ ಮುಖದ ಮೇಲಿದ್ದ ಭಯ ಅಲ್ಲಿಗೆ ಅರ್ಧ ಇಳಿಯಿತು.

ಬೆಳಕಿನ ಕೆಲಸ ಮೂರು ಥರ ಮಾಡಿದೆವು. ಮೊದಲಿದ್ದದ್ದು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ. ಟ್ಯೂಬ್‌ಲೈಟಿನ ಹಾಗೆ ಚುಚ್ಚುವ ಬಿಳಿ. ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಕಡಿಮೆಯಾದಷ್ಟೂ ಹಳದಿ. ಅದನ್ನು ತೆಗೆದು 3000 ಕೆಲ್ವಿನ್ ಹಾಕಿದೆ, ಹಳೇ ಬಲ್ಬಿನ ಥರದ ಹಳದಿ ಬೆಳಕು. ಎರಡನೆಯದು, ಅಕ್ಷರದ ಮುಖದಿಂದ ಬೆಳಕು ಬರುವುದನ್ನು ನಿಲ್ಲಿಸಿದೆ. ಮುಖ ಮುಚ್ಚಿದ ಅಕ್ಷರವನ್ನು ಬೋರ್ಡಿನಿಂದ ಒಂದೂವರೆ ಇಂಚು ಎತ್ತರಿಸಿ ಕೂರಿಸಿದರೆ ಬೆಳಕು ಹಿಂದಕ್ಕೆ ಬಿದ್ದು ಅಕ್ಷರದ ಸುತ್ತ ಮಾತ್ರ ಹರಡುತ್ತದೆ. ಹೆಸರು ಕಾಣುತ್ತದೆ, ಎದುರು ಮನೆಗೆ ಹೊಡೆಯುವುದಿಲ್ಲ. ಮೂರನೆಯದು ಡಿಮ್ಮರ್ ಮತ್ತು ಟೈಮರ್. ಒಂಬತ್ತೂವರೆಗೆ ಲೈಟ್ ತಾನಾಗಿ ಆರಬೇಕು. ಡಿಮ್ಮರ್ ಎಷ್ಟಕ್ಕೆ ಇಡಬೇಕು ಅಂತ ನಾನು ತೀರ್ಮಾನಿಸಲಿಲ್ಲ. ಮೇಷ್ಟ್ರು ಕಿಟಕಿಯಲ್ಲಿ ನಿಂತು "ಇನ್ನೂ ಇಳಿಸಿ, ಇನ್ನೊಂಚೂರು, ಹಾಂ ಸಾಕು" ಅಂದರು. ಅಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿದೆ.

ಬೋರ್ಡು ಚಿಕ್ಕದಾದ ಮೇಲೆ ಟೈಲರ್ ಬೋರ್ಡು ಬೀದಿಯಿಂದ ಮತ್ತೆ ಕಾಣಿಸಿತು. ಶೀಟಿನ ಅಂಚಿಗೆ ನೀರು ಹರಿಯುವ ದೋಣಿ ಕೂರಿಸಿ, ಪೈಪು ಇಳಿಸಿ ನೀರನ್ನು ಚರಂಡಿಗೆ ಬಿಟ್ಟೆವು.

ಕಪ್ಪು ಗೋಡೆ ಕಷ್ಟವಾಯಿತು. ಹುಡುಗನಿಗೆ ಅದೇ ಇಷ್ಟ. ಅವನ ಅಂಗಡಿ, ಅವನ ದುಡ್ಡು. ನಾನು ಬೀದಿಯನ್ನು ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದೆ. ಆಗ ಕಂಡಿತು. ಎಲ್ಲ ಹಳೇ ಮನೆಗಳಿಗೂ ಕೆಳಗೆ ಎರಡೂವರೆ ಅಡಿ ಕೆಮ್ಮಣ್ಣಿನ ಬಣ್ಣದ ಪಟ್ಟಿ, ಮೇಲೆ ಸುಣ್ಣ. ಮಲೆನಾಡಿನ ಮಳೆಗೆ ನೆಲದ ಕೆಸರು ಗೋಡೆಗೆ ಎರಚುತ್ತದಲ್ಲ, ಅದು ಕಾಣದಿರಲಿ ಅಂತ ಹಿಂದಿನವರು ಹಾಗೆ ಬಳಿಯುತ್ತಿದ್ದರು. ಆ ಕೆಂಪು ಪಟ್ಟಿ ಬೀದಿಯುದ್ದಕ್ಕೂ ಒಂದೇ ಗೆರೆಯಲ್ಲಿ ಓಡುತ್ತಿತ್ತು. ಕೆಫೆ ಹತ್ತಿರ ಮಾತ್ರ ತುಂಡಾಗಿತ್ತು. ಬೀದಿಯವರ ಕಣ್ಣಿಗೆ ಚುಚ್ಚುತ್ತಿದ್ದದ್ದು ಬರೀ ಕಪ್ಪಲ್ಲ, ಆ ತುಂಡಾದ ಜಾಗ ಅಂತ ನನಗನ್ನಿಸಿತು.

ಹುಡುಗನಿಗೆ ಹೇಳಿದೆ, ಬಾಗಿಲು, ಕಿಟಕಿಯ ಚೌಕಟ್ಟು ಕಪ್ಪೇ ಇರಲಿ. ಗೋಡೆಗೆ ಬಿಳಿ ಕೊಡು, ಕೆಳಗೆ ಆ ಕೆಂಪನ್ನು ಸೇರಿಸು. ಎರಡು ದಿನ ಯೋಚನೆ ಮಾಡಿ ಹೂಂ ಅಂದ. ದಾರಕ್ಕೆ ನೀಲಿ ಪುಡಿ ಹಚ್ಚಿ ಗೆರೆ ಹೊಡೆಯುವಾಗ ಒಂದು ತುದಿ ನಾನು ಹಿಡಿದೆ. ಇನ್ನೊಂದು ತುದಿಯನ್ನು ಟೈಲರ್ ತಮ್ಮ ಗೋಡೆಯ ಪಟ್ಟಿಗೆ ಒತ್ತಿ ಹಿಡಿದರು. ಹುಡುಗ ನಡುವೆ ದಾರ ಎಳೆದು ಬಿಟ್ಟ. ಠಪ್ ಅಂತ ನೀಲಿ ಗೆರೆ ಮೂಡಿತು, ಎರಡು ಗೋಡೆಗೂ ಒಂದೇ ಮಟ್ಟ.

ಬೈಕಿನ ವಿಷಯ ಬೋರ್ಡಿನಿಂದ ಬಗೆಹರಿಯುವುದಲ್ಲ. ಅದನ್ನು ನಾನು ಮೊದಲೇ ಹೇಳಿದ್ದೆ. ಹುಡುಗ ವಾರದ ಕೊನೆಯಲ್ಲಿ ಒಬ್ಬನನ್ನು ನಿಲ್ಲಿಸಿದ್ದಾನೆ, ಒಂದಿಷ್ಟು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಕೆಫೆಯೇ ಬೇಡ ಅಂದವರು ಇವತ್ತಿಗೂ ಅವನ ಹತ್ತಿರ ಮಾತಾಡುವುದಿಲ್ಲ. ಅವರನ್ನು ಒಪ್ಪಿಸುವುದು ನನ್ನಿಂದ ಆಗಲಿಲ್ಲ.

ಈಗ ಮನೆಗಳಿರುವ ಬೀದಿಯ ಯಾವ ಕೆಲಸ ಬಂದರೂ ಕಾಗದದ ಬೋರ್ಡಿಗೆ ಒಂದು ದಿನ ಜಾಸ್ತಿ ಕೇಳುತ್ತೇನೆ. ಕೆಲವರು ಸಮಯ ಇಲ್ಲ ಅನ್ನುತ್ತಾರೆ. ಅಂಥ ಎರಡು ಕೆಲಸ ಬಿಟ್ಟಿದ್ದೇನೆ.

ಜುಲೈಯಲ್ಲಿ ಮಳೆ ಜೋರಾದಾಗ ಒಂದು ಎಡವಟ್ಟಾಯಿತು. ನಾನು ಹಾಕಿದ್ದು ಕರೆಂಟಿನಿಂದ ತಿರುಗುವ ಟೈಮರ್. ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರವೂ ನಿಲ್ಲುತ್ತದೆ. ಅವತ್ತು ಎರಡು ಗಂಟೆ ಕರೆಂಟ್ ಇರಲಿಲ್ಲ. ಒಂಬತ್ತೂವರೆಗೆ ಆರಬೇಕಾದ ಬೋರ್ಡು ಹನ್ನೊಂದು ಗಂಟೆಯಾದರೂ ಉರಿಯುತ್ತಿತ್ತು. ಮೇಷ್ಟ್ರು ಹುಡುಗನಿಗೇ ಫೋನ್ ಮಾಡಿದರಂತೆ. ಅವನು ಅಷ್ಟರಲ್ಲಿ ಮನೆ ಸೇರಿದ್ದ. "ಶಟರ್ ಪಕ್ಕದ ಡಬ್ಬದಲ್ಲಿ ಸ್ವಿಚ್ ಇದೆ ಸರ್, ಡಬ್ಬಕ್ಕೆ ಬೀಗ ಹಾಕಿಲ್ಲ" ಅಂದನಂತೆ. ಮೇಷ್ಟ್ರು ಕೊಡೆ ಹಿಡಿದು ರಸ್ತೆ ದಾಟಿ ಲೈಟ್ ಆರಿಸಿ ಬಂದರು. ಮಾರನೇ ದಿನ ನಾನು ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿ ಬಂದೆ. ಆ ಡಬ್ಬಕ್ಕೆ ಈಗಲೂ ಬೀಗ ಇಲ್ಲ.