ದೊಡ್ಡ ಬೇಟೆಗಾರ ಮೀನಿಗೆ ಗಾಳದ ದಾರ ಆರಿಸುವುದು ಹೇಗೆ?

ಹದಿನೈದು ಕಿಲೋ ಮೀನು ಹಿಡಿಯಬೇಕು, ಎಷ್ಟು ಪೌಂಡಿನ ದಾರ ಹಾಕಲಿ? ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಆದರೆ ಮೀನಿನ ತೂಕಕ್ಕೂ ದಾರದ ಪೌಂಡಿಗೂ, ಅಂದರೆ ಅದು ಎಷ್ಟು ಎಳೆತಕ್ಕೆ ಹರಿಯುತ್ತದೆ ಅನ್ನುವುದಕ್ಕೂ, ನೇರ ಲೆಕ್ಕ ಇಲ್ಲ. ನೀರಿನೊಳಗೆ ಇರುವಷ್ಟು ಹೊತ್ತು ಮೀನಿನ ತೂಕ ದಾರದ ಮೇಲೆ ಬೀಳುವುದೇ ಇಲ್ಲ ಅನ್ನಬಹುದು. ದಾರಕ್ಕೆ ತಗಲುವುದು ಅದರ ಓಟದ ರಭಸ, ನೀರಿನ ಸೆಳೆತ, ಮತ್ತೆ ನೀವು ರೀಲಿನ ಡ್ರ್ಯಾಗ್, ಅಂದರೆ ಮೀನು ಎಳೆದಾಗ ದಾರವನ್ನು ತಡೆತಡೆದು ಬಿಡುವ ಬ್ರೇಕನ್ನು, ಎಷ್ಟು ಬಿಗಿ ಮಾಡಿದ್ದೀರೋ ಆ ಬಿಗಿ. ಹಾಗಾಗಿ ಕೇಳಬೇಕಾದ ಪ್ರಶ್ನೆಗಳೇ ಬೇರೆ. ಆ ಮೀನಿನ ಬಾಯಲ್ಲಿ ಎಂಥ ಹಲ್ಲಿದೆ? ಕಚ್ಚಿದ ಮೇಲೆ ಅದು ಎಲ್ಲಿಗೆ ನುಗ್ಗುತ್ತದೆ, ಬಯಲು ನೀರಿಗೋ, ಬಂಡೆ ಸಂದಿಗೋ, ಮುಳುಗಿದ ಮರದ ಬೇರಿನೊಳಕ್ಕೋ? ನೀವು ಎಸೆಯುವ ಲೂರ್, ಅಂದರೆ ನಕಲಿ ಎರೆ, ಎಷ್ಟು ಭಾರ? ಈ ಮೂರಕ್ಕೂ ಉತ್ತರ ಸಿಕ್ಕಿದರೆ ದಾರದ ಆಯ್ಕೆ ಮುಕ್ಕಾಲು ಪಾಲು ಮುಗಿದ ಹಾಗೆ.

ಮುಖ್ಯ ದಾರಕ್ಕೆ, ಅಂದರೆ ರೀಲಿನಲ್ಲಿ ಸುತ್ತುವ ದಾರಕ್ಕೆ, ಹೆಚ್ಚಿನ ಜಾಗಗಳಲ್ಲಿ ನಾನು ಹೇಳುವುದು ಬ್ರೇಡ್. ಪಾಲಿಥಿಲೀನಿನ ಸಣ್ಣ ಸಣ್ಣ ಎಳೆಗಳನ್ನು ಹೆಣೆದು ಮಾಡಿದ ದಾರ ಇದು. ಪೊಟ್ಟಣದ ಮೇಲೆ ಡೈನೀಮಾ, ಸ್ಪೆಕ್ಟ್ರಾ ಅಂತ ಬರೆದಿರುವುದು ಆ ಎಳೆಯ ಹೆಸರು. ದಪ್ಪಕ್ಕೆ ಹೋಲಿಸಿದರೆ ಇದರ ಗಟ್ಟಿತನ ತುಂಬಾ ಜಾಸ್ತಿ. 50 ಪೌಂಡಿನ ಬ್ರೇಡ್ ಹೆಚ್ಚುಕಡಿಮೆ 12 ಪೌಂಡಿನ ಮೋನೊದಷ್ಟೇ, ಅಂದರೆ ಒಂದೇ ಎಳೆಯ ನೈಲಾನ್ ದಾರದಷ್ಟೇ, ದಪ್ಪ. ಹಿಗ್ಗುವುದೂ ಬಹಳ ಕಡಿಮೆ, ನೂರಕ್ಕೆ ನಾಲ್ಕೈದು ಪಾಲು ಅಷ್ಟೇ. ಮೋನೊ 20ರಿಂದ 30 ಪಾಲಿನವರೆಗೂ ಹಿಗ್ಗುತ್ತದೆ. ತಂಪು ದೇಶಗಳ ಸಿಹಿನೀರಿನ ಬೇಟೆಗಾರ ಮೀನುಗಳಾದ ಪೈಕ್, ಮಸ್ಕಿ ತರಹದವುಗಳ ಬಾಯಿ ಎಲುಬಿನಷ್ಟು ಗಟ್ಟಿ, ಲೂರಿನ ಹುಕ್ಕುಗಳೂ ದಪ್ಪ, ನಲವತ್ತು ಮೀಟರ್ ಆಚೆ ಮೀನು ಕಚ್ಚಿದಾಗ ನೀವು ರಾಡ್ ಎತ್ತಿ ಹೊಡೆದ ಏಟು ದಾರ ಹಿಗ್ಗುವುದರಲ್ಲೇ ಕರಗಿಹೋದರೆ ಹುಕ್ಕು ಒಳಗೆ ಇಳಿಯುವುದೇ ಇಲ್ಲ. ಬ್ರೇಡಿನಲ್ಲಿ ಆ ಏಟು ಪೂರ್ತಿ ಹುಕ್ಕಿಗೆ ಮುಟ್ಟುತ್ತದೆ. ಕಳೆ ತುಂಬಿದ ನೀರಿನಲ್ಲೂ ಇದೇ ಒಳ್ಳೆಯದು. ಬಿಗಿಯಾದ ಬ್ರೇಡ್ ಕಳೆಯ ದಂಟನ್ನು ಕತ್ತರಿಸಿಕೊಂಡು ಬರುತ್ತದೆ, ಮೋನೊ ಅದನ್ನೆಲ್ಲಾ ಸುತ್ತಿಕೊಂಡು ಬರುತ್ತದೆ.

ಆದರೆ ಬ್ರೇಡಿಗೆ ಒಂದು ದೊಡ್ಡ ದೌರ್ಬಲ್ಯ ಇದೆ, ಅಂಗಡಿಯಲ್ಲಿ ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ. ಬಿಗಿಯಾಗಿ ಎಳೆದಿರುವಾಗ ಕಲ್ಲಿನ ಅಂಚಿಗೋ ಚಿಪ್ಪಿಗೋ ತಾಗಿದರೆ ಆ ಸಣ್ಣ ಎಳೆಗಳು ಒಂದೊಂದಾಗಿ ಹರಿಯುತ್ತವೆ, ನೋಡನೋಡುತ್ತಿದ್ದಂತೆ ದಾರ ತುಂಡು. ಅದೇ ಜಾಗದಲ್ಲಿ ದಪ್ಪ ಮೋನೊ ಮೇಲ್ಮೈ ತರಚಿಕೊಂಡರೂ ಸ್ವಲ್ಪ ಹೊತ್ತು ತಡೆದುಕೊಳ್ಳುತ್ತದೆ. ಹಾಗಾಗಿ ಬಂಡೆ ತುಂಬಿದ, ಜೋರಾಗಿ ಹರಿಯುವ ನದಿಯಲ್ಲಿ ಮಹಸೀರ್ ತರಹದ ಮೀನಿಗೆ ಹೋಗುವವರು ಇವತ್ತಿಗೂ 0.45, 0.50 ಮಿಲಿಮೀಟರಿನ ಮೋನೊ ಸುತ್ತಿಕೊಂಡು ಹೋದರೆ ಅದು ಹಳೇ ಕಾಲದ ಅಭ್ಯಾಸ ಅಂತ ಅಂದುಕೊಳ್ಳಬೇಡಿ, ಅದಕ್ಕೆ ಗಟ್ಟಿ ಕಾರಣ ಇದೆ. ಮೀನಿನ ಮೊದಲ ಓಟದ ಜರ್ಕನ್ನೂ ಮೋನೊ ತನ್ನ ಹಿಗ್ಗಿನಲ್ಲಿ ತಡೆದುಕೊಳ್ಳುತ್ತದೆ. ಹಗ್ಗದಂತೆ ಬಿಗಿದ ಬ್ರೇಡಿನಲ್ಲಿ ಆ ಜರ್ಕ್ ನೇರವಾಗಿ ಗಂಟಿಗೆ, ಹುಕ್ಕಿಗೆ ಬೀಳುತ್ತದೆ. ಅಂಥ ನದಿಗೂ ಬ್ರೇಡೇ ಬೇಕು ಅನ್ನುವವರು ಮುಂದೆ ಆರೇಳು ಮೀಟರ್ ದಪ್ಪ ಮೋನೊ ಸೇರಿಸಿಕೊಳ್ಳಿ. ಕಲ್ಲಿಗೆ ಉಜ್ಜುವುದು ಹೆಚ್ಚಾಗಿ ಆ ಭಾಗವೇ.

ಫ್ಲೋರೋಕಾರ್ಬನ್ ಅನ್ನುವ ಇನ್ನೊಂದು ಬಗೆಯ ಒಂಟಿ ಎಳೆ ದಾರ ಮುಖ್ಯ ದಾರವಾಗಿ ಬೇಡ. ದಪ್ಪದ್ದಾದರೆ ಕಂಬಿಯ ಹಾಗೆ ಬಿರುಸು, ಸ್ಪೂಲಿನಿಂದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ದೂರ ಎಸೆಯಲು ಆಗುವುದಿಲ್ಲ. ಅದರ ಜಾಗ ಲೀಡರ್, ಅಂದರೆ ಮುಖ್ಯ ದಾರಕ್ಕೂ ಹುಕ್ಕಿಗೂ ನಡುವೆ ಕಟ್ಟುವ ಗಿಡ್ಡ ತುಂಡು. ನೈಲಾನಿಗಿಂತ ಭಾರ, ಹಾಗಾಗಿ ಬೇಗ ಮುಳುಗುತ್ತದೆ. ನೀರಿನಲ್ಲಿ ಸ್ವಲ್ಪ ಕಮ್ಮಿ ಕಾಣುತ್ತದೆ, ಉಜ್ಜಾಟವನ್ನೂ ತಡೆಯುತ್ತದೆ.

ಈಗ ಪೌಂಡಿನ ಲೆಕ್ಕಕ್ಕೆ ಬರೋಣ. ಡ್ರ್ಯಾಗನ್ನು ದಾರ ಹರಿಯುವ ಬಲದ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಇಡುವುದು ರೂಢಿ. 30 ಪೌಂಡ್ ಅಂದರೆ 13.6 ಕಿಲೋ, ಅದಕ್ಕೆ ಡ್ರ್ಯಾಗ್ ಮೂರೂವರೆಯಿಂದ ನಾಲ್ಕೂವರೆ ಕಿಲೋ. ರಾಡ್ ಬಾಗಿಸಿ ನಿಂತು ನಾಲ್ಕು ಕಿಲೋ ಎಳೆತವನ್ನು ಹತ್ತು ನಿಮಿಷ ತಡೆದು ನೋಡಿ, ತೋಳು ಎಷ್ಟು ನೋಯುತ್ತದೆ ಅಂತ ಗೊತ್ತಾಗುತ್ತದೆ. ಹಾಗಾದರೆ 65, 80 ಪೌಂಡಿನ ದಾರ ಯಾಕೆ ಬೇಕು, ಅಲ್ವಾ? ಕಾರಣ ಮೀನು ಒಂದೇ ಅಲ್ಲ. 150 ಗ್ರಾಮಿನ ಲೂರ್ ಎಸೆಯುವಾಗ ಬೇಟ್‌ಕಾಸ್ಟ್ ರೀಲಿನಲ್ಲಿ (ಎಸೆಯುವಾಗ ದಾರ ಸುತ್ತಿದ ಸ್ಪೂಲೇ ತಿರುಗುವ ರೀಲು) ದಾರ ಮಧ್ಯದಲ್ಲಿ ಸಿಕ್ಕಿ ಗಕ್ಕನೆ ನಿಂತರೆ ತೆಳು ಬ್ರೇಡ್ ಅಲ್ಲೇ ಹರಿದು ಲೂರ್ ಹಾರಿಹೋಗುತ್ತದೆ. ಗಂಟಿನ ಹತ್ತಿರ ಬಲ ಹೇಗೂ ಕಮ್ಮಿಯಾಗುತ್ತದೆ. ಉಜ್ಜಿ ಉಜ್ಜಿ ಒಂದಷ್ಟು ಎಳೆ ಹೋಗಿರುತ್ತವೆ. ಇದೆಲ್ಲಾ ಕಳೆದ ಮೇಲೂ ದಾರದಲ್ಲಿ ಜೀವ ಉಳಿದಿರಬೇಕು.

ನನ್ನ ಅಂದಾಜು ಹೀಗೆ: ಮಧ್ಯಮ ಲೂರಿನಲ್ಲಿ ಪೈಕ್ ಹಿಡಿಯಲು 30ರಿಂದ 50 ಪೌಂಡಿನ ಬ್ರೇಡ್ ಸಾಕು. ತಾವರೆ ಎಲೆ, ಜೊಂಡಿನ ನಡುವೆ ಹಾವಿನಂಥ ತಲೆಯ ಸ್ನೇಕ್‌ಹೆಡ್ ಹುಡುಕುವವರಿಗೆ 50ರಿಂದ 65. ಅಲ್ಲಿ ಮೀನಿಗೆ ಓಡಲು ಬಿಡುವ ಹಾಗೇ ಇಲ್ಲ, ಕಚ್ಚಿದ ಕೂಡಲೇ ತಲೆ ಮೇಲೆತ್ತಿ ಎಳೆಯಬೇಕು. ಮಸ್ಕಿಗೆ 80 ಹಾಕಿಬಿಡಿ, ಯೋಚನೆಯೇ ಬೇಡ. ನದಿಯ ದೊಡ್ಡ ಕ್ಯಾಟ್‌ಫಿಶ್‌ಗೆ, ಅದರಲ್ಲೂ ಎರಡು ಮೀಟರ್ ದಾಟುವ, ಯುರೋಪಿನ ವೆಲ್ಸ್ ಅನ್ನುವ ಜಾತಿ ಇರುವ ನೀರಿನಲ್ಲಿ, 80ರಿಂದ 100, ಅಥವಾ ಅದಕ್ಕೂ ಮೇಲೆ. ತೆಳು ದಾರದಲ್ಲಿ ದೊಡ್ಡ ಮೀನು ಹಿಡಿಯುವುದು ಸಾಹಸ ಅಂತ ಕೆಲವರಿಗೆ ಅನಿಸುತ್ತದೆ. ನನಗೆ ಅದು ಸ್ವಲ್ಪವೂ ಇಷ್ಟ ಇಲ್ಲ. ಹೊತ್ತು ಎಳೆದಷ್ಟೂ ಮೀನು ಸುಸ್ತಾಗುತ್ತದೆ. ಬೇಸಿಗೆಯ ಬಿಸಿ ನೀರಿನಲ್ಲಿ ಆಮ್ಲಜನಕವೂ ಕಮ್ಮಿ, ಬಿಟ್ಟ ಮೇಲೆ ಈಜಿ ಹೋದ ಮೀನೂ ಆಮೇಲೆ ಸಾಯಬಹುದು. ಗಟ್ಟಿ ದಾರ ಹಾಕಿ, ಬೇಗ ದಡಕ್ಕೆ ತನ್ನಿ, ಬೇಗ ಬಿಡಿ.

ಬ್ರೇಡ್ ನಾಲ್ಕು ಎಳೆಯದೋ ಎಂಟು ಎಳೆಯದೋ ಅನ್ನುವ ಚರ್ಚೆ ಬಹಳ ನಡೆಯುತ್ತದೆ. ಎಂಟು ಎಳೆಯದು ನುಣುಪು, ರಾಡಿನ ಮೇಲಿನ ಉಂಗುರಗಳಲ್ಲಿ, ಅಂದರೆ ಗೈಡ್‌ಗಳಲ್ಲಿ ಸದ್ದು ಮಾಡುವುದಿಲ್ಲ, ದೂರ ಹೋಗುತ್ತದೆ. ನಾಲ್ಕು ಎಳೆಯದು ಒರಟು, ಆದರೆ ಅದರ ಒಂದೊಂದು ಎಳೆಯೂ ದಪ್ಪ ಇರುವುದರಿಂದ ಕಳೆ, ಕೊಂಬೆಗಳ ನಡುವೆ ಬಾಳಿಕೆ ಜಾಸ್ತಿ. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಕಣ್ಣಿಗೆ ಚೆನ್ನಾಗಿ ಕಾಣುವ ಬಣ್ಣ ತೆಗೆದುಕೊಳ್ಳಿ, ಮೀನಿನ ಹತ್ತಿರ ಇರುವುದು ಹೇಗೂ ಲೀಡರ್.

ಆ ಲೀಡರ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ಪೈಕ್, ಮಸ್ಕಿ ಬಾಯಲ್ಲಿ ಬ್ಲೇಡಿನಂಥ ಹಲ್ಲುಗಳಿವೆ. 100 ಪೌಂಡಿನ ಬ್ರೇಡನ್ನೂ ಅವು ಒಂದೇ ಕ್ಷಣದಲ್ಲಿ ಕತ್ತರಿಸುತ್ತವೆ, ನಿಮಗೆ ಎಳೆದ ಅನುಭವವೂ ಆಗುವುದಿಲ್ಲ. ದಾರ ಹೋದರೆ ಹೋಗಲಿ, ಆದರೆ ಆ ಮೀನು ಬಾಯಿ ತುಂಬಾ ಹುಕ್ಕು ಇಟ್ಟುಕೊಂಡು ಬದುಕಬೇಕು. ಅದಕ್ಕೇ ಇವುಗಳಿಗೆ ಲೋಹದ ಲೀಡರ್ ಬೇಕೇ ಬೇಕು. ಏಳು ಎಳೆಯ ಸ್ಟೀಲ್ ವೈರ್ ಅಗ್ಗ, ಆದರೆ ಬೇಗ ಮುರುಟಿಕೊಳ್ಳುತ್ತದೆ, ಮುರುಟಿದ ಮೇಲೆ ಅದನ್ನು ಎಸೆಯುವುದೇ ಸರಿ. 49 ಎಳೆಯದು ದಾರದಷ್ಟೇ ಮೆತ್ತಗೆ ಬಾಗುತ್ತದೆ. ಟೈಟಾನಿಯಂ ದುಬಾರಿ, ಆದರೆ ಬಾಗಿಸಿದರೂ ಮತ್ತೆ ನೆಟ್ಟಗಾಗುತ್ತದೆ, ತುಕ್ಕೂ ಹಿಡಿಯುವುದಿಲ್ಲ. ಉದ್ದ ಕನಿಷ್ಠ 30 ಸೆಂಟಿಮೀಟರ್ ಇರಲಿ. ಸತ್ತ ಮೀನನ್ನು ಎರೆಯಾಗಿ ಹಾಕುವಾಗ 50 ಸೆಂಟಿಮೀಟರ್ ಇದ್ದರೆ ಒಳ್ಳೆಯದು, ಯಾಕಂದರೆ ಮೀನು ಅದನ್ನು ಒಳಗೆ ಎಳೆದುಕೊಳ್ಳುತ್ತದೆ. ದಪ್ಪ ಫ್ಲೋರೋಕಾರ್ಬನ್ ಸಾಕು ಅನ್ನುವವರೂ ಇದ್ದಾರೆ. 0.9 ಮಿಲಿಮೀಟರಿಗಿಂತ ತೆಳುವಾದದ್ದನ್ನು ನಾನಂತೂ ನಂಬುವುದಿಲ್ಲ. ಆ ದಪ್ಪದ್ದರ ಮೇಲೂ ಪ್ರತಿ ಮೀನಿನ ನಂತರ ಉಗುರು ಆಡಿಸಿ ನೋಡಬೇಕು, ಗೀರು ಸಿಕ್ಕಿದರೆ ಕತ್ತರಿಸಿ ಬೇರೆ ಕಟ್ಟಬೇಕು.

ಕ್ಯಾಟ್‌ಫಿಶ್ ಕತೆ ಬೇರೆ. ಅದರ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಮರಳು ಕಾಗದದಂಥ ಆ ಬಾಯಿಗೆ ಒಂದು ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ಮೋನೊ ಸಾಕು. ಸ್ನೇಕ್‌ಹೆಡ್‌ಗೆ ಕಪ್ಪೆ ಲೂರನ್ನು ನೇರ ಬ್ರೇಡಿಗೇ ಕಟ್ಟುವವರು ಬಹಳ. ನೀರು ತಿಳಿಯಾಗಿದ್ದರೆ 50 ಪೌಂಡಿನ ಗಿಡ್ಡ ಫ್ಲೋರೋಕಾರ್ಬನ್ ಸೇರಿಸಿ.

ಗಂಟಿನ ಬಗ್ಗೆ: ಬ್ರೇಡನ್ನು ತಿರುಗುವ ಲೋಹದ ಕೊಂಡಿಗೆ, ಅಂದರೆ ಸ್ವಿವೆಲ್‌ಗೆ ಕಟ್ಟಲು ಪಾಲೊಮಾರ್ ಸುಲಭ, ಬಲವೂ ಚೆನ್ನಾಗಿದೆ. ಬ್ರೇಡಿಗೆ ಮೋನೊ ಸೇರಿಸಲು ಎಫ್‌ಜಿ ಗಂಟು ಎಲ್ಲಕ್ಕಿಂತ ತೆಳು, ಗೈಡ್‌ನೊಳಗೆ ಸಿಕ್ಕಿಕೊಳ್ಳುವುದಿಲ್ಲ. ಆದರೆ ಗಾಳಿಯಲ್ಲಿ, ಅಲುಗಾಡುವ ದೋಣಿಯಲ್ಲಿ ಕಟ್ಟುವುದು ಕಷ್ಟ. ಮನೆಯಲ್ಲೇ ಅಭ್ಯಾಸ ಮಾಡಿ, ಆಗುವುದಿಲ್ಲ ಅಂದರೆ ಡಬಲ್ ಯೂನಿ ಹಾಕಿ. ಯಾವ ಗಂಟಾದರೂ ಬಿಗಿಯುವ ಮುಂಚೆ ಒದ್ದೆ ಮಾಡಿ. ಒಣ ದಾರ ಉಜ್ಜಿದಾಗ ಹುಟ್ಟುವ ಬಿಸಿಗೆ ಅದರ ಬಲ ಅಲ್ಲೇ ಹಾಳಾಗುತ್ತದೆ.

ಬ್ರೇಡನ್ನು ಬರಿ ಸ್ಪೂಲಿನ ಮೇಲೆ ಸುತ್ತಿದರೆ ಒಟ್ಟಿಗೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಅನಿಸುವ ಹಾಗೆ. ಕೆಳಗೆ ಹತ್ತು ಮೀಟರ್ ಮೋನೊ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಬ್ರೇಡ್ ಸುತ್ತಿ. ಸಡಿಲ ಬಿಟ್ಟರೆ ದೊಡ್ಡ ಮೀನು ಎಳೆದಾಗ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ಬುಡಕ್ಕೆ ಸಿಕ್ಕಿದ ಲೂರ್ ಬಿಡಿಸಲು ಬ್ರೇಡನ್ನು ಕೈಗೆ ಸುತ್ತಿ ಎಳೆಯಬೇಡಿ, ಚರ್ಮ ಸೀಳಿ ಒಳಗೆ ಹೋಗುತ್ತದೆ. ಒಂದು ಮರದ ತುಂಡಿಗೆ ಸುತ್ತಿ ಎಳೆಯಿರಿ.

ಮೋನೊ ಬಿಸಿಲಿಗೆ ಹಾಳಾಗುತ್ತದೆ, ಸೀಸನ್ನಿಗೊಮ್ಮೆ ಬದಲಾಯಿಸಿ. ಬ್ರೇಡ್ ವರ್ಷಗಟ್ಟಲೆ ಬರುತ್ತದೆ, ಮುಂದಿನ ಭಾಗ ನವೆದು ಬಿಳುಪಾದರೆ ಅಷ್ಟನ್ನು ಕತ್ತರಿಸಿ ತೆಗೆಯಿರಿ, ಇಲ್ಲವಾದರೆ ಇಡೀ ದಾರವನ್ನು ತಿರುಗಿಸಿ ಸುತ್ತಿಕೊಳ್ಳಿ, ಒಳಗಿನ ಹೊಸ ಭಾಗ ಮೇಲೆ ಬರುತ್ತದೆ. ಕತ್ತರಿಸಿದ ತುಂಡನ್ನು ದಡದಲ್ಲಿ ಬಿಡಬೇಡಿ. ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ, ಕೊಳೆಯುವುದೂ ಇಲ್ಲ. ಒಂದು ಡಬ್ಬಿಯಲ್ಲಿ ಹಾಕಿಕೊಂಡು ವಾಪಸ್ ತನ್ನಿ.