ಹಿಂದಿನ ಕಾಲು ನೋಡಲು ಕಲಿತೆ, ಕಬಡ್ಡಿ ಅಂಪೈರ್ ಆದೆ

ಪಿ.ಟಿ. ಮಾಸ್ಟರ್ ಅಲ್ಲದವನು ಹೈಸ್ಕೂಲ್ ಪಂದ್ಯಕ್ಕೆ ಸೀಟಿ ಊದುವುದು ನಮ್ಮ ಕಡೆ ಅಪರೂಪ. ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಕಾಲೇಜಿನಲ್ಲಿ ಕಾರ್ನರ್, ಅಂದರೆ ಮೂಲೆಯಲ್ಲಿ ನಿಂತು ಹಿಡಿಯುವವನಾಗಿ ಆಡಿದ್ದೆ, ಅಷ್ಟೆ. ಆದರೂ ಹೋದ ವರ್ಷ ಜಿಲ್ಲಾ ಮಟ್ಟದ 17 ವರ್ಷದೊಳಗಿನ ಹುಡುಗಿಯರ ಫೈನಲ್‌ಗೆ ನನ್ನನ್ನು ಕರೆದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲ ವರ್ಷ ಹೋಬಳಿ ಪಂದ್ಯದಲ್ಲಿ ಎರಡು ಬೋನಸ್ ತಪ್ಪಾಗಿ ಕೊಟ್ಟೆ. ಬೋನಸ್ ಅಂದರೆ ಎದುರಾಳಿ ಅಂಗಳಕ್ಕೆ ನುಗ್ಗಿದ ರೈಡರ್ ಅಲ್ಲಿನ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಸಿಗುವ ಪಾಯಿಂಟ್. ಸೋತ ತಂಡದ ಹುಡುಗಿಯೊಬ್ಬಳು ಕೋರ್ಟಿನಲ್ಲೇ ಕೂತು ಅತ್ತಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಮೇಲೆ ರೆಫ್ರಿ ಪರೀಕ್ಷೆಗೆ ಕೂತೆ. ಬರವಣಿಗೆಯಲ್ಲಿ ಪಾಸು, ಮೈದಾನದಲ್ಲಿ ಫೇಲು. ಮರುವರ್ಷವೂ ಹಾಗೇ ಆಯಿತು. ಫೀಸು, ರೈಲು, ಬೆಂಗಳೂರಿನ ಲಾಡ್ಜು ಎಲ್ಲ ಸೇರಿ ಒಂಬತ್ತು ಸಾವಿರದ ಹತ್ತಿರ ಹೋಯಿತು. ಬಿಳಿ ಪ್ಯಾಂಟು, ಶೂ ಬೇರೆ. ತಾಲ್ಲೂಕು ಪಂದ್ಯಕ್ಕೆ ದಿನಕ್ಕೆ ನನಗೆ ಸಿಕ್ಕಿದ್ದು 300 ರೂಪಾಯಿ ಮತ್ತು ಊಟ. ಮನೆಯವರು ಬೇಡ ಅಂದರು.

ತಪ್ಪು ಎಲ್ಲಾಗುತ್ತಿದೆ ಅಂತ ಕೂತು ಯೋಚಿಸಿದೆ. ಬೋನಸ್ ಗೆರೆ ದಾಟುವುದು ಮುಂದಿನ ಕಾಲು, ಹಾಗಾಗಿ ಕಣ್ಣು ಅದರ ಹಿಂದೆಯೇ ಓಡುತ್ತದೆ. ಆದರೆ ಜಗಳ ಇರುವುದು ಹಿಂದಿನ ಕಾಲಿನಲ್ಲಿ, ಅಲ್ವಾ? ಆ ಕ್ಷಣಕ್ಕೆ ಅದು ಗಾಳಿಯಲ್ಲಿ ಇರಬೇಕು.

ಸಂಜೆ ಹೊತ್ತು ನಮ್ಮೂರ ಶಾಲೆ ಮೈದಾನದಲ್ಲಿ ಎಂಟು ಮಕ್ಕಳನ್ನು ಸೇರಿಸಿದೆ. ಫೋನನ್ನು ಗೆರೆಯ ನೇರಕ್ಕೆ ಇಟ್ಟಿಗೆಗೆ ಒರಗಿಸಿದೆ. ದಿನಕ್ಕೆ ನಲವತ್ತು ಬೋನಸ್ ಯತ್ನ. ನಾನು ಕೂಗಿ ತೀರ್ಪು ಹೇಳುವುದು, ಒಬ್ಬ ಹುಡುಗ ನೋಟ್‌ಬುಕ್‌ನಲ್ಲಿ ಬರೆಯುವುದು. ರಾತ್ರಿ ವಿಡಿಯೊ ನಿಧಾನ ಮಾಡಿ ತಾಳೆ ನೋಡುವುದು. ಮೊದಲ ವಾರ ನಲವತ್ತರಲ್ಲಿ ಹದಿನೈದು ತಪ್ಪು! ಮೂರು ತಿಂಗಳಿಗೆ ಮೂರೋ ನಾಲ್ಕೋ ಉಳಿಯಿತು. ಮಕ್ಕಳಿಗೆ ಮೊಟ್ಟೆ, ಬಾಳೆಹಣ್ಣಿಗೆ ದಿನಕ್ಕೆ ನೂರು ರೂಪಾಯಿ. ಒಂದು ಸಲ ಕಾಲು ತಗುಲಿ ಫೋನಿನ ಗಾಜು ಒಡೆಯಿತು, ಎರಡೂವರೆ ಸಾವಿರ ಕೊಟ್ಟೆ. "ಕಣ್ಣು ಹುಟ್ಟಿನಿಂದ ಬರಬೇಕು, ಫೋನಿಂದ ಬರಲ್ಲ" ಅಂದರು ಹಿರಿಯ ರೆಫ್ರಿಯೊಬ್ಬರು. ಮೂರನೇ ಸಲ ಪಾಸಾದೆ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ರೈಡರ್ ನಡುಗೆರೆ ದಾಟುವ ಮೊದಲೇ ಎದುರಿನ ತಲೆ ಎಣಿಸುತ್ತೇನೆ. ಆರಕ್ಕಿಂತ ಕಡಿಮೆ ಇದ್ದರೆ ಬೋನಸ್ ಯೋಚನೆಯೇ ಇಲ್ಲ, ಕಣ್ಣು ಪೂರ್ತಿ ಟಚ್ ಮೇಲೆ. ರೈಡರ್ ಬೋನಸ್ ಗೆರೆ ಹತ್ತಿರ ಬಂದಾಗ ನಾನು ಎಲ್ಲಿ ನಿಲ್ಲುತ್ತೇನೆ ಅನ್ನುವುದನ್ನು ಮಾತ್ರ ಈಗಲೇ ಹೇಳಲ್ಲ.

ಈ ನಡುವೆ ಗೆರೆಗಳ ಮೇಲೂ ಪ್ರಯೋಗ ಮಾಡಿದೆ. ಸುಣ್ಣದ ಪುಡಿ ಹಾಕಿದರೆ ಬಿದ್ದ ಮಕ್ಕಳ ಕಣ್ಣು ಉರಿಯುತ್ತದೆ, ತರಚಿದ ಮೊಣಕೈಯೂ ಉರಿಯುತ್ತದೆ. ದಯವಿಟ್ಟು ಬಿಡಿ. ರಂಗೋಲಿ ಪುಡಿ ಸಾಕು. ಮಣ್ಣಿನ ಕೋರ್ಟಿಗೆ ತೆಳ್ಳಗೆ ನೀರು ಚಿಮುಕಿಸಿ ಗುಡಿಸಿದರೆ ಹೆಬ್ಬೆರಳು ಎಳೆದ ಗುರುತು ಚೆನ್ನಾಗಿ ಕಾಣುತ್ತದೆ. ನೀರು ಜಾಸ್ತಿಯಾದರೆ ಮಕ್ಕಳು ಜಾರುತ್ತಾರೆ.

ಆ ಫೈನಲ್‌ನಲ್ಲಿ ಕೊನೆಯ ಎರಡು ನಿಮಿಷ, ಒಂದೇ ಪಾಯಿಂಟ್ ಅಂತರ. ಎದುರಿಗೆ ಆರು ಜನ. ಹುಡುಗಿ ಕಾಲು ಚಾಚಿ ಬೋನಸ್ ಅಂತ ಕೈ ಎತ್ತಿದಳು. ನಾನು ಕೊಡಲಿಲ್ಲ. ಹಿಂದಿನ ಕಾಲಿನ ಹೆಬ್ಬೆರಳು ಮಣ್ಣು ಬಿಟ್ಟಿರಲಿಲ್ಲ. ಅವರ ಕೋಚ್ ಓಡಿ ಬಂದರು, ಜನ ಕೂಗಿದರು. ಪಂದ್ಯ ಮುಗಿದ ಮೇಲೆ ಪೋಷಕರೊಬ್ಬರ ಫೋನಿನಲ್ಲಿ ಎಲ್ಲರೂ ನೋಡಿದರು. ಹೆಬ್ಬೆರಳು ನೆಲದಲ್ಲೇ ಇತ್ತು.

ಮುಂದಿನ ವಾರ ಅದೇ ಕೋಚ್ ಫೋನ್ ಮಾಡಿದರು. "ಸರ್, ಫೋನು ಎಷ್ಟು ಎತ್ತರಕ್ಕೆ ಇಡ್ತೀರಿ?"

"ನೆಲಕ್ಕೇ ಇಡಿ ಸರ್. ಮುಂದೆ ಮಾತ್ರ ಇನ್ನೊಂದು ಇಟ್ಟಿಗೆ ಅಡ್ಡ ಇರಲಿ" ಅಂದೆ.